ಒಂಬತ್ತು ಜೊತೆ ಚಪ್ಪಲಿ

ಆ ಬೀದಿಯಲ್ಲಿ ಗೂಟಪ್ಪ ಎಂದರೆ ಯಾರಿಗಾದರೂ ಗೊತ್ತು. ಅವನ ನಿಜವಾದ ಹೆಸರು ಕೇಳಿದರೆ ಕಟ್ಟಿಕೊಂಡ ಹೆಂಡತಿಯೂ ಒಂದು ಗಳಿಗೆ ಯೋಚಿಸಬೇಕು. ಮಕ್ಕಳ ಹುಟ್ಟುಹಬ್ಬಕ್ಕೆ ಗಾಳಿಮನೆ ಬಾಡಿಗೆಗೆ ಕೊಡುವುದು ಅವನ ಕಸುಬು. ದಪ್ಪ ಪ್ಲಾಸ್ಟಿಕ್ ಬಟ್ಟೆಯಲ್ಲಿ ಹೊಲಿದ, ಬ್ಲೋವರ್ ಊದುತ್ತಿರುವಷ್ಟು ಹೊತ್ತು ಮಾತ್ರ ಎದ್ದು ನಿಲ್ಲುವ, ಒಳಗೆ ಬಿಟ್ಟ ಮಕ್ಕಳು ಕುಣಿದು ಕುಪ್ಪಳಿಸಿ ಬೆವರಿ ಬರುವ ಮನೆ ಅದು. ಬೇರೆಯವರು ಬಾಡಿಗೆಗೆ ಹೋದಲ್ಲಿ ಮೊದಲು ಕುಡಿಯಲು ನೀರು ಕೇಳುತ್ತಾರೆ. ಇವನು ನೆಲ ಕೇಳುತ್ತಾನೆ. ಹಿಮ್ಮಡಿಯಿಂದ ಮಣ್ಣು ಗುದ್ದಿ ನೋಡುತ್ತಾನೆ, ಮೊಣಕೈ ಉದ್ದದ ಕಬ್ಬಿಣದ ಗೂಟವನ್ನು ಓರೆಯಾಗಿಟ್ಟು ಸುತ್ತಿಗೆಯಿಂದ ಹೊಡೆಯುತ್ತಾನೆ, ಹೊಡೆದ ಮೇಲೆ ಹಗ್ಗ ಹಿಡಿದು ತಾನೇ ಜೋತುಬಿದ್ದು ಪರೀಕ್ಷೆ ಮಾಡುತ್ತಾನೆ. ಆರು ಗೂಟ ಸಾಕಾದ ಕಡೆ ಎಂಟು. ನೆಲ ಸಿಮೆಂಟಿನದಾದರೆ ಮೂಲೆಗೆ ಎರಡೆರಡು ಮರಳಿನ ಮೂಟೆ. ಸ್ವಲ್ಪ ಜೋರು ಗಾಳಿ ಬೀಸಿತೋ, ಯಜಮಾನರು ಎಷ್ಟೇ ಗೋಗರೆದರೂ ಮಕ್ಕಳನ್ನು ಇಳಿಸಿ ಮನೆ ಮಡಚಿಬಿಡುತ್ತಾನೆ. "ಭೂಮಿ ಹಾರಿಹೋದ್ರೂ ಗೂಟಪ್ಪನ ಮನೆ ಹಾರಲ್ಲ ಕಣ್ರೀ" ಎಂದು ಜನ ನಗುತ್ತಿದ್ದರು. ನಕ್ಕವರೇ ತಮ್ಮ ಮಕ್ಕಳಿಗೆ ಅವನನ್ನೇ ಕರೆಯುತ್ತಿದ್ದರು.

ಹೆಂಡತಿ ಗಾಳಿಯಕ್ಕ. ಗೂಟ ಅವನದಾದರೆ ಬಾಗಿಲು ಇವಳದು. ಗಾಳಿಮನೆಯ ಬಾಯಿಯ ಮುಂದೆ ಒಂದು ಚಾಪೆ ಹಾಸಿ, ಪಕ್ಕದಲ್ಲಿ ಮಣೆಯಷ್ಟು ಎತ್ತರದ ಸ್ಟೂಲಿನ ಮೇಲೆ ಕೂತಳೆಂದರೆ ಪಾರ್ಟಿ ಮುಗಿಯುವ ತನಕ ಏಳುವ ಮಾತಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಕನ್ನಡಕ ತೆಗಿ, ಕ್ಲಿಪ್ ತೆಗಿ, ಬಾಯಲ್ಲಿರೋ ಚಾಕೊಲೇಟ್ ನುಂಗಿ ಆಮೇಲೆ ಹತ್ತು, ಪಲ್ಟಿ ಹೊಡೀಬೇಡ, ಗೋಡೆ ಹತ್ತಬೇಡ. ದೊಡ್ಡವರ ಜೊತೆ ಚಿಕ್ಕವರನ್ನು ಬಿಡುತ್ತಿರಲಿಲ್ಲ. ಹತ್ತು ವರ್ಷದ ಗಡವ ಬಿದ್ದರೆ ಮೂರು ವರ್ಷದ್ದರ ಗತಿ ಏನು?

ಎಲ್ಲಕ್ಕಿಂತ ದೊಡ್ಡದು ಎಣಿಕೆ. ಒಳಗೆ ಎಷ್ಟು ಮಕ್ಕಳಿದ್ದಾರೆ ಎಂದು ತಿಳಿದಿರಬೇಕು. ಶುರುವಿನಲ್ಲಿ ತಲೆ ಎಣಿಸುತ್ತಿದ್ದಳು. ಕುಣಿಯುವ ತಲೆ ಎಣಿಸುವುದೂ ಕಪ್ಪೆಗಳನ್ನು ತಕ್ಕಡಿಗೆ ಹಾಕುವುದೂ ಒಂದೇ ಎಂದು ಎರಡೇ ಪಾರ್ಟಿಗೆ ಅರ್ಥವಾಯಿತು. ಅಂದಿನಿಂದ ಚಪ್ಪಲಿ ಎಣಿಸತೊಡಗಿದಳು. ಹತ್ತುವ ಮಗು ಚಪ್ಪಲಿಯನ್ನು ಚಾಪೆಯ ಮೇಲೆ ಜೋಡಿಸಿ ಹತ್ತಬೇಕು, ಇಳಿದ ಮಗು ತನ್ನದನ್ನು ಹಾಕಿಕೊಂಡು ಹೋಗಬೇಕು. ಚಾಪೆಯ ಮೇಲೆ ಎಷ್ಟು ಜೊತೆಯೋ ಒಳಗೆ ಅಷ್ಟು ಮಕ್ಕಳು. ಹನ್ನೊಂದು ವರ್ಷ ಆ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. ಹುಟ್ಟುಹಬ್ಬದ ಮಗು ತನ್ನ ಮನೆಯಲ್ಲೇ ಇದ್ದರೂ ಅವತ್ತು ಹೊಸ ಬೂಟು ಮೆರೆಸದೆ ಬಿಡುತ್ತದೆಯೇ? ಹಾಗಾಗಿ ಆ ಮಗುವೂ ಲೆಕ್ಕಕ್ಕೆ ಸಿಗುತ್ತಿತ್ತು. "ಮಕ್ಕಳು ಸುಳ್ಳು ಹೇಳಬಹುದು, ಚಪ್ಪಲಿ ಹೇಳಲ್ಲ" ಎಂದು ಗಾಳಿಯಕ್ಕ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಜಂಬವೇ ಅದು, ಬೇರೇನಲ್ಲ.

ಹೋದ ವರ್ಷ ಟೈಲರಮ್ಮನ ಮನೆಗೆ ಹೋಗಿದ್ದರು. ಬೀದಿಯ ಆ ತುದಿಯಲ್ಲಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುವ ಟೈಲರಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಅವತ್ತು ಏಳು ತುಂಬಿತ್ತು. ಚಿಕ್ಕವಳಿಗೆ ಮೂರು; ಮನೆಯಲ್ಲಿ ಎಲ್ಲರೂ ಕರೆಯುವುದು ಚುಕ್ಕಿ ಎಂದು. ಟೈಲರಮ್ಮನ ಗಂಡ ಬಸ್ಸಿನ ಡ್ರೈವರು. ಮನೆಯಲ್ಲಿ ಅವನ ತಾಯಿಯೂ ಇದ್ದರು, ಅಜ್ಜಿ.

ಹಿತ್ತಲು ಚಿಕ್ಕದು. ಬಟ್ಟೆ ಒಣಹಾಕುವ ತಂತಿ ಬಿಚ್ಚಿ, ಬಕೆಟ್ಟು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಿದ್ದರು. ನಡುಮನೆಯ ಪ್ಲಗ್ ಪಾಯಿಂಟು ಸಡಿಲವಾಗಿತ್ತು. ಸಡಿಲ ಎಂದರೆ ಗೂಟಪ್ಪ ಕೇಳುತ್ತಾನೆಯೇ? ಅಡುಗೆಮನೆಯ ಕಿಟಕಿಯಿಂದ ವೈರ್ ಎಳೆದು ಅಲ್ಲಿನ ಪಾಯಿಂಟಿಗೆ ಸಿಕ್ಕಿಸಿದ. "ಈ ವೈರ್ ಯಾರೂ ತೆಗೀಬಾರದು. ಬ್ಲೋವರ್ ಸದಾ ಓಡ್ತಾನೇ ಇರ್ಬೇಕು, ನಿಂತ್ರೆ ಮನೆ ಕುಸಿಯುತ್ತೆ" ಎಂದು ಡ್ರೈವರಿಗೂ ಅಜ್ಜಿಗೂ ಒತ್ತಿ ಹೇಳಿದ. ಟೈಲರಮ್ಮ ಕೇಕ್ ತರಲು ಹೋಗಿದ್ದಳು. "ಅವಳು ಬಂದ್ರೆ ನಾ ಹೇಳ್ತೀನಿ ಬಿಡಪ್ಪ" ಎಂದರು ಅಜ್ಜಿ. ಕೇಕ್ ಬಂತು, ನೆಂಟರು ಬಂದರು, ಬಲೂನು ಊದುವ ಗಲಾಟೆಯಲ್ಲಿ ಅಜ್ಜಿಗೆ ಆ ಮಾತು ಮರೆತೇ ಹೋಯಿತು.

ನಾಲ್ಕು ಗಂಟೆಗೆ ಚಾಪೆಯ ಮೇಲೆ ಒಂಬತ್ತು ಜೊತೆ ಇತ್ತು. ದೊಡ್ಡವಳ ಕೆಂಪು ಬೂಟು ಮೊದಲನೆಯದು. ಚುಕ್ಕಿ ಬಾಗಿಲ ಹತ್ತಿರ ನಿಂತು ಇಣುಕುತ್ತಿದ್ದಳು. ಗಾಳಿಯಕ್ಕ ಅವಳ ಗಲ್ಲ ಹಿಡಿದು, "ದೊಡ್ಡೋರು ಇಳೀಲಿ ಪುಟ್ಟಿ. ಆಮೇಲೆ ನಿನ್ನೊಬ್ಳನ್ನೇ ಬಿಡ್ತೀನಿ, ಮನೆಯೆಲ್ಲಾ ನಿಂದೇ" ಎಂದಳು. ಚುಕ್ಕಿ ದೊಡ್ಡ ಮನುಷ್ಯರ ಹಾಗೆ ತಲೆಯಾಡಿಸಿ ಒಪ್ಪಿಕೊಂಡಳು. ಅವಳ ಕಾಲಲ್ಲಿ ಏನೂ ಇರಲಿಲ್ಲ. ಸ್ವಂತ ಹಿತ್ತಲಿಗೆ ಚಪ್ಪಲಿ ಮೆಟ್ಟಿಕೊಂಡು ಬರುವ ಮಗು ಯಾವುದು?

ಒಪ್ಪಿಕೊಂಡ ಮಗು ಎಷ್ಟು ಹೊತ್ತು ಒಪ್ಪಿಕೊಂಡಿರುತ್ತದೆ ಎಂದು ಮಕ್ಕಳ ನಡುವೆಯೇ ಬದುಕುವ ಗಾಳಿಯಕ್ಕನಿಗೆ ತಿಳಿಯದ್ದಲ್ಲ. ಒಬ್ಬ ಹುಡುಗಿಯ ಕೂದಲಿಗೆ ಸಿಕ್ಕಿಕೊಂಡಿದ್ದ ಕ್ಲಿಪ್ಪನ್ನು ಬಿಡಿಸುತ್ತ ಅತ್ತ ತಿರುಗಿದ್ದಳು, ಅಷ್ಟೇ. ತಿರುಗಿ ನೋಡಿದಾಗ ಬಾಗಿಲಲ್ಲಿ ಚುಕ್ಕಿ ಇರಲಿಲ್ಲ. ಅಮ್ಮನ ಹತ್ತಿರ ಹೋಗಿರಬೇಕು ಅಂದುಕೊಂಡಳು. ಚಾಪೆ ನೋಡಿದಳು. ಒಂಬತ್ತು ಜೊತೆ. ಸರಿಯಿತ್ತು.

ಬ್ಲೋವರ್ ಓಡುವಾಗ ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ, ನಿಂತಾಗ ಕೇಳಿಸುತ್ತದೆ. ಅವತ್ತು ನಿಂತಿತು. ಮೊದಲು ಮೇಲ್ಛಾವಣಿ ಬಾಗಿತು, ಆಮೇಲೆ ಗೋಡೆಗಳು ಒಳಕ್ಕೆ ಒರಗತೊಡಗಿದವು. ಗಾಳಿಯಕ್ಕ ಹೆದರಲಿಲ್ಲ. ಬಾಗಿಲ ಬಟ್ಟೆಯನ್ನು ಹೆಗಲ ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಸಿಕ್ಕ ಮಕ್ಕಳನ್ನು ಸಿಕ್ಕ ಹಾಗೆ ಎಳೆದು ಹೊರಗೆ ಹಾಕಿದಳು. ಒಂದು, ಎರಡು, ಮೂರು. ಒಬ್ಬ ಅಳುತ್ತಿದ್ದ, ಮಿಕ್ಕವರಿಗೆ ಇದೂ ಆಟವೇ, ನಗುತ್ತ ಬಂದರು. ಏಳು, ಎಂಟು, ಒಂಬತ್ತು. ಡ್ರೈವರು ಒಳಮನೆಯಿಂದ ಓಡಿಬಂದು, ಕುಸಿಯುತ್ತಿದ್ದ ಬಟ್ಟೆಯೊಳಗೆ ಒಂದು ಕಾಲು ಇಟ್ಟೇಬಿಟ್ಟಿದ್ದ.

"ಎಲ್ಲಾ ಬಂದ್ರು!" ಎಂದು ಗಾಳಿಯಕ್ಕ ಕೂಗಿದಳು. "ಯಾರೂ ಇಲ್ಲ ಒಳಗೆ, ಹೋಗ್ಬೇಡಿ!"

ಅವಳ ಗಂಟಲು ಮೊದಲೇ ದೊಡ್ಡದು. ಇಡೀ ಮನೆಗೆ ಕೇಳಿಸಿತು. ಡ್ರೈವರು ಕಾಲು ಹೊರಗೆ ತೆಗೆದ. ವೈರ್ ಹಿಡಿದು ಅಡುಗೆಮನೆಗೆ ಓಡುತ್ತಿದ್ದ ಗೂಟಪ್ಪ ನಡಿಗೆಗೆ ಇಳಿದ. ಅಡುಗೆಮನೆಯಲ್ಲಿ ಟೈಲರಮ್ಮ ಮಕ್ಕಳಿಗೆ ಜ್ಯೂಸ್ ಮಾಡಲು ಮಿಕ್ಸಿ ಹಾಕಿಕೊಂಡು ನಿಂತಿದ್ದಳು. "ಅಯ್ಯೋ, ಹಾಡಿನ ಪೆಟ್ಟಿಗೇದು ಅಂತ ನಾನೇ ತೆಗೆದೆ. ಗೊತ್ತಾಗ್ಲಿಲ್ಲ ಅಣ್ಣ. ಈಗಲೇ ಹಾಕ್ಲಾ?" ಎಂದು ಗಾಬರಿಯಾದಳು. "ಇರಲಿ ಬಿಡಿ ಅಕ್ಕ, ಮಕ್ಕಳೆಲ್ಲಾ ಈಚೆ ಬಂದಾಯ್ತಲ್ಲ. ಕೇಕ್ ಕತ್ತರಿಸ್ಬಿಡಿ, ಆಮೇಲೆ ಹಾಕೋಣ" ಎಂದ ಗೂಟಪ್ಪ.

ಹಿತ್ತಲಲ್ಲಿ ದೊಡ್ಡವಳು ಗಾಳಿಯಕ್ಕನ ಸೆರಗು ಜಗ್ಗಿದಳು. "ಆಂಟಿ, ಚುಕ್ಕಿ ಒಳಗಿದಾಳೆ."

"ಇಲ್ಲ ಮಗ, ಎಲ್ಲಾ ಬಂದ್ರಲ್ಲ."

"ಚುಕ್ಕಿ ಬಂದಿದ್ಲು ಆಂಟಿ ಒಳಗೆ."

"ನೋಡಿಲ್ಲಿ," ಗಾಳಿಯಕ್ಕ ಚಾಪೆ ತೋರಿಸಿದಳು, "ಒಂಬತ್ತು ಜೊತೆ ಇತ್ತು, ಒಂಬತ್ತು ಜನ ಬಂದ್ರಿ. ಚುಕ್ಕಿ ಅಮ್ಮನ ಹತ್ರ ಇರ್ತಾಳೆ. ಹೋಗು, ಕೇಕ್ ಕತ್ತರಿಸು, ರಾಣಿ." ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಒಳಗೆ ತಳ್ಳಿದಳು. ಏಳು ವರ್ಷದ ಮಗು ದೊಡ್ಡವರ ಲೆಕ್ಕದ ಮುಂದೆ ಏನು ಹೇಳೀತು? ಹೋಯಿತು.

ಕೇಕ್ ಕತ್ತರಿಸಿದರು, ಚಪ್ಪಾಳೆ ತಟ್ಟಿದರು, ಒಬ್ಬರಿಗೊಬ್ಬರು ತಿನ್ನಿಸಿದರು. ಫೋಟೋಗೆ ನಿಂತಾಗ ಅಜ್ಜಿ, "ಚುಕ್ಕಿ ಎಲ್ಲಿ?" ಎಂದರು. ಮಂಚದ ಕೆಳಗೆ ನೋಡಿದರು, ಬಚ್ಚಲಲ್ಲಿ ನೋಡಿದರು, ಪಕ್ಕದ ಮನೆಗೆ ಕೂಗು ಹಾಕಿದರು. ಗಾಳಿಯಕ್ಕ ಎಲ್ಲಿಯೂ ನೋಡಲಿಲ್ಲ. ನೇರ ಹಿತ್ತಲಿಗೆ ಓಡಿದಳು. ಹಿಂದಿನ ಮೂಲೆಯಲ್ಲಿ, ಒಂದರ ಮೇಲೊಂದು ಮಗುಚಿಬಿದ್ದಿದ್ದ ಎರಡು ಗೋಡೆಗಳ ಮಡಿಕೆಯಲ್ಲಿ ಮಗು ಇತ್ತು. ಅದನ್ನು ಎತ್ತಿಕೊಂಡವಳೂ ಅವಳೇ. ಆಸ್ಪತ್ರೆಗೆ ಒಯ್ಯುವಾಗ ಇದ್ದ ಆಸೆ ವಾಪಸು ಬರುವಾಗ ಯಾರಿಗೂ ಉಳಿದಿರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ಬಾಯಿ ಬರುವುದಿಲ್ಲ.

ಸ್ಟೇಷನ್ನಿನಲ್ಲಿ ಪ್ರಶ್ನೆಗಳಾದವು. ಗೂಟ ಎಷ್ಟು, ಹಗ್ಗ ಎಂಥದು, ವೈರ್ ಎಲ್ಲಿಂದ ಎಳೆದದ್ದು. ಗೂಟಪ್ಪನ ಗೂಟದಲ್ಲಿ ಯಾರು ಐಬು ಹುಡುಕಬಲ್ಲರು? "ಮಕ್ಕಳನ್ನ ಎಣಿಸಿದ್ರೇನಮ್ಮ?" ಎಂದು ಇನ್ಸ್‌ಪೆಕ್ಟರು ಗಾಳಿಯಕ್ಕನನ್ನು ಕೇಳಿದರು. "ಎಣಿಸಿದೆ ಸಾರ್. ಒಂಬತ್ತು" ಎಂದಳು. ಏನನ್ನು ಎಣಿಸಿದೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಮನೆಯವರೇ ಕೈತಪ್ಪಿ ಪ್ಲಗ್ ತೆಗೆದಿದ್ದರಿಂದ ಆದ ಅನಾಹುತ ಎಂದು ಬರೆದು ಮುಗಿಸಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ಬರೆ ಪೂರ್ತಿ ಟೈಲರಮ್ಮನಿಗೆ ಬಿತ್ತು. ಹೆತ್ತ ಕೈಯೇ ಪ್ಲಗ್ ಕಿತ್ತಿತು ಎಂದು ಊರೆಲ್ಲ ಆಡಿಕೊಂಡಿತು. ಹೆಚ್ಚು ಆಡಿದವರು ಅಜ್ಜಿ. ಹೇಳಬೇಕಾದದ್ದನ್ನು ಹೇಳಲು ಮರೆತವರಿಗೆ ಗಂಟಲು ಜೋರಾಗಿಯೇ ಇರಬೇಕಾಗುತ್ತದೆ. ಟೈಲರಮ್ಮ ಒಂದು ಮಾತಿಗೂ ಎದುರಾಡಲಿಲ್ಲ. ಅವಳು ತಾನೇ ಕೊಂದೆ ಎಂದು ನಂಬಿದ್ದಳು.

ಗಾಳಿಯಕ್ಕ ಮಾತ್ರ ನಂಬಿರಲಿಲ್ಲ. ಪ್ಲಗ್ ಕಿತ್ತರೆ ಗಾಳಿಮನೆ ಒಂದೇ ಏಟಿಗೆ ನೆಲಕ್ಕೆ ಬೀಳುವುದಿಲ್ಲ, ಇಳಿಯಲು ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಗೊತ್ತು. ಡ್ರೈವರ ಕಾಲು ಒಳಗೇ ಇತ್ತು ಎಂದು ಗೊತ್ತು. ಪ್ಲಗ್ ಮತ್ತೆ ಹಾಕಲು ಟೈಲರಮ್ಮ ಕೈ ಚಾಚಿ ನಿಂತಿದ್ದಳು ಎಂದು ಗಂಡನೇ ಹೇಳಿದ್ದ. ಎಲ್ಲರನ್ನೂ ನಿಲ್ಲಿಸಿದ್ದು ತನ್ನ ಒಂದು ಕೂಗು. ಮತ್ತೆ ಆ ಸೆರಗು ಜಗ್ಗಿದ ಕೈ. ಅದನ್ನಂತೂ ಅವಳು ಗಂಡನಿಗೂ ಹೇಳಿರಲಿಲ್ಲ. ಬಿಸಿತುಪ್ಪ ಅದು, ನುಂಗಲೂ ಆಗದು ಉಗುಳಲೂ ಆಗದು. ತರಕಾರಿಯವನು "ಚಿಲ್ಲರೆ ಎಣಿಸ್ಕೊಳ್ಳಿ ಅಕ್ಕ" ಎಂದರೂ ಬೆಚ್ಚುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು. ಟೈಲರಮ್ಮನ ಮನೆಯ ಮುಂದೆ ಹೋಗುವುದನ್ನು ಬಿಟ್ಟು ಎರಡು ಬೀದಿ ಸುತ್ತಿಕೊಂಡು ಓಡಾಡಿದಳು.

ಹೀಗೆ ವರ್ಷ ಕಳೆಯಿತು. ಒಂದು ಶನಿವಾರ ಬೆಳಿಗ್ಗೆ ನೂಲು, ಗುಂಡಿ ಮಾರುವ ಅಂಗಡಿಯವಳು ಗಾಳಿಯಕ್ಕನನ್ನು ನಿಲ್ಲಿಸಿಕೊಂಡಳು.

"ಗೊತ್ತಾಯ್ತಾ? ಟೈಲರಮ್ಮನ್ನ ಕಳಿಸ್ತಿದಾರೆ."

"ಎಲ್ಲಿಗೆ?"

"ಅವಳ ಅಣ್ಣನ ಮನೆಗೆ. ನಾಳೆ ಅಣ್ಣ ಬರ್ತಾನಂತೆ ಕರ್ಕೊಂಡು ಹೋಗೋಕೆ. ಪಾಪ, ವರ್ಷದಿಂದ ಒಂದು ಬಟ್ಟೆ ಹೊಲಿದಿಲ್ಲ ಅವಳು. ನನ್ನ ಹತ್ರ ಒಂದು ರೀಲು ನೂಲೂ ತಗೊಂಡಿಲ್ಲ."

"ಮಗಳು?"

"ದೊಡ್ಡವಳು ಇಲ್ಲೇ ಇರ್ತಾಳಂತೆ, ಅಪ್ಪ ಅಜ್ಜಿ ಹತ್ರ. ಟೈಲರಮ್ಮನ ಕೈಲಿ ಇನ್ನೊಂದು ಮಗು ಬಿಡಲ್ಲ ಅಂತ ಅಜ್ಜಿ ಹಟ. ಅವಳೂ ಹೂಂ ಅಂದಿದಾಳೆ. ನನ್ನ ಕೈ ಸರಿಯಿಲ್ಲ, ಇವಳಾದ್ರೂ ಉಳೀಲಿ ಅಂದ್ಲಂತೆ. ತಾಯಿ ಬಾಯಲ್ಲಿ ಬರೋ ಮಾತಾ ಅದು?"

ಗಾಳಿಯಕ್ಕ ಹೇಗೆ ಮನೆ ಸೇರಿದಳೋ ಅವಳಿಗೇ ತಿಳಿಯದು. ಹಿತ್ತಲಲ್ಲಿ ಗೂಟಪ್ಪ ಲುಂಗಿ ಎತ್ತಿಕಟ್ಟಿ ಗಾಳಿಮನೆಯ ಬಟ್ಟೆ ಹರಡಿಕೊಂಡು ಸೋಪಿನ ನೀರಲ್ಲಿ ತಿಕ್ಕುತ್ತಿದ್ದ. ಇದು ಹೊಸದು, ಹಳೆಯದನ್ನು ಅನಾಹುತವಾದ ವಾರವೇ ಕತ್ತರಿಸಿ ಎಸೆದಿದ್ದ. ಒಂದು ವರ್ಷ ಅವರಿವರ ಸಾಮಾನು ಸಾಗಿಸಿ ಹೊಟ್ಟೆ ಹೊರೆದು, ಈಗ ಮೊದಲ ಬಾಡಿಗೆ ಹಿಡಿದಿದ್ದ. "ಏ ಇವಳೇ, ಆ ಬ್ರಷ್ ಕೊಡು" ಎಂದ.

ಅವಳು ಬ್ರಷ್ ಕೊಡಲಿಲ್ಲ. ಒದ್ದೆ ನೆಲದ ಮೇಲೆ ಕುಕ್ಕರಿಸಿ, ಗುಂಡಿಯಂಗಡಿಯಲ್ಲಿ ಕೇಳಿದ್ದನ್ನು ಹೇಳಿದಳು. ಆಮೇಲೆ ಸೆರಗು ಜಗ್ಗಿದ್ದನ್ನು ಹೇಳಿದಳು.

ಗೂಟಪ್ಪನ ಕೈ ನಿಂತಿತು. "ನಿನಗೆ ಹೇಳಿದ್ಲಾ? ಆ ಮಗು ಬಾಯಿಬಿಟ್ಟು ಹೇಳಿದ್ಲಾ, ಒಳಗಿದಾಳೆ ಅಂತ?"

"ಎರಡು ಸಲ."

ಅವನಿಗೆ ಸಿಟ್ಟು ಬಂತು. "ಈಗ ಹೇಳಿ ಏನು ಮಾಡ್ತೀಯ? ಬೀದೀಲಿ ಹೋಗೋ ಮಾರೀನ ಮನೆಗೆ ಕರೀತೀಯಾ? ಮುಗಿದಿರೋ ಕೇಸು ಮತ್ತೆ ಎಬ್ಬಿಸ್ತಾರೆ. ನಿನ್ನ ಒಳಗೆ ಹಾಕಿದ್ರೆ? ಯಾವ ತಾಯಿ ಇನ್ಮೇಲೆ ನಮ್ಮನ್ನ ಬಾಗಿಲಿಗೆ ಸೇರಿಸ್ತಾಳೆ?"

"ಹಾಕಲಿ. ಹೆತ್ತೋಳಿಂದ ಇನ್ನೊಂದು ಮಗೂನೂ ಕಿತ್ಕೋತಿದಾರಲ್ರೀ. ನನ್ನ ಬಾಯಿಂದ ಒಂದು ಹೋಯ್ತು. ಬಾಯಿ ಮುಚ್ಕೊಂಡು ಇನ್ನೊಂದು ಕಳೀಲಾ?"

ಗೂಟಪ್ಪ ಕೈ ಚಾಚಿ ಬ್ರಷ್ಷನ್ನು ತಾನೇ ಎತ್ತಿಕೊಂಡ. ಕೊನೆಗೆ, "'ಇರಲಿ ಬಿಡಿ, ಕೇಕ್ ಕತ್ತರಿಸಿ' ಅಂದೋನು ನಾನು" ಎಂದ. "ನನ್ನ ಕೈಲಿ ಆ ಮನೆ ಮೆಟ್ಟಿಲು ಹತ್ತೋಕಾಗಲ್ಲ. ನೀನು ಹೋಗೋದಾದ್ರೆ ತಡೆಯಲ್ಲ." ಮತ್ತೆ ತಿಕ್ಕಲು ಶುರುಮಾಡಿದ. ತಿಕ್ಕಿದ ಜಾಗವನ್ನೇ ತಿಕ್ಕುತ್ತಿದ್ದ.

ಭಾನುವಾರ ಹತ್ತು ಗಂಟೆಗೆ ಗಾಳಿಯಕ್ಕ ಟೈಲರಮ್ಮನ ಮನೆಗೆ ಹೋದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿಗೆ ಹಳೆ ಬೆಡ್‌ಶೀಟು ಹೊದಿಸಿತ್ತು, ಅದರ ಮೇಲೆ ಯಾರೋ ದಿನಪತ್ರಿಕೆಗಳನ್ನು ಪೇರಿಸಿದ್ದರು. ನಡುಮನೆಯಲ್ಲಿ ಎಲ್ಲರೂ ಕೂತಿದ್ದರು. ಡ್ರೈವರು, ಅಜ್ಜಿ, ಕುರ್ಚಿಯ ತುದಿಯಲ್ಲಿ ಟೈಲರಮ್ಮನ ಅಣ್ಣ. ಅವನ ಕಾಲ ಹತ್ತಿರ ಜಿಪ್ ಎಳೆದ ಒಂದೇ ಒಂದು ಬ್ಯಾಗು. ಟೈಲರಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ಅರ್ಧ ಆಗಿಹೋಗಿದ್ದಳು. ದೊಡ್ಡವಳು ಆಚೆ ಗೋಡೆಯ ಹತ್ತಿರ, ಅಮ್ಮನಿಂದ ದೂರ, ಮಡಿಲಲ್ಲಿ ಪುಸ್ತಕ ತೆರೆದುಕೊಂಡು ಹಾಳೆ ತಿರುವದೆ ಕೂತಿದ್ದಳು.

"ಇವಳ್ಯಾಕೆ ಬಂದ್ಲು?" ಎಂದರು ಅಜ್ಜಿ.

"ಒಂದು ಮಾತು ಹೇಳಿ ಹೋಗ್ತೀನಿ ಅಜ್ಜಿ. ಕೇಳಿದ್ಮೇಲೆ ಏನು ಬೇಕಾದ್ರೂ ಮಾಡಿ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಗಿಲಲ್ಲೇ ಉದುರಿಹೋದವು. ಗಾಳಿಯಕ್ಕ ನಿಂತಲ್ಲೇ ಹೇಗೆ ಬಂತೋ ಹಾಗೆ ಹೇಳಿದಳು. ತಾನು ಮಕ್ಕಳನ್ನು ಎಣಿಸಲಿಲ್ಲ, ಚಪ್ಪಲಿ ಎಣಿಸಿದೆ ಎಂದಳು. ಚುಕ್ಕಿ ಬರಿಗಾಲಲ್ಲಿ ಇದ್ದದ್ದನ್ನು ಕಣ್ಣಾರೆ ಕಂಡಿದ್ದೆ, ಆದರೂ ಹೊಳೆಯಲಿಲ್ಲ ಎಂದಳು. ಎಲ್ಲಾ ಬಂದರು ಎಂದು ಕೂಗಿದ್ದು ತಾನು. ಕೂಗದಿದ್ದರೆ ಒಳಗೆ ಹೋಗಿ ತಡಕುತ್ತಿದ್ದರು, ಕೂಗದಿದ್ದರೆ ಪ್ಲಗ್ ಆಗಲೇ ಹಾಕುತ್ತಿದ್ದರು. "ಪ್ಲಗ್ ತೆಗೆದಿದ್ದಕ್ಕೆ ಮಗು ಹೋಗ್ಲಿಲ್ಲ. ಗಾಳಿ ನಿಂತ್ರೆ ನಾನು ಮಕ್ಕಳನ್ನ ಈಚೆ ತೆಗೀಬೇಕು, ನಾನು ಅಲ್ಲಿ ಕೂತಿರೋದೇ ಅದಕ್ಕೆ. ಹನ್ನೊಂದು ವರ್ಷ ಅದೊಂದೇ ಕೆಲಸ ನನಗೆ. ಮಾಡ್ಲಿಲ್ಲ ನಾನು. ಈ ತಾಯೀದೇನೂ ತಪ್ಪಿಲ್ಲ."

ಡ್ರೈವರು ತನ್ನ ಬಲಗಾಲನ್ನು ನೋಡಿಕೊಂಡ. "ಒಳಗಿಟ್ಟಿದ್ದೆ" ಎಂದ. "ಕಾಲು ಒಳಗಿಟ್ಟಿದ್ದೆ ನಾನು. ನೀವು ಕೂಗಿದ್ರಿ ಅಂತ ತೆಗೆದೆ." ಮತ್ತೆ ಅದನ್ನೇ ಹೇಳಿದ. ವರ್ಷವಿಡೀ ಹೆಂಡತಿಯ ಮುಖ ನೋಡದೆ ಅವನು ಒಳಗೊಳಗೇ ಹೇಳಿಕೊಂಡಿದ್ದೂ ಇದೇ ಮಾತು ಇರಬೇಕು.

ಅಜ್ಜಿ ಎದ್ದು ಬಾಯಿಗೆ ಬಂದ ಹಾಗೆ ಬೈದರು. ಮನೆಹಾಳಿ ಎಂದರು, ನಿನ್ನ ಬಾಯಿಗೆ ಮಣ್ಣು ಬೀಳಲಿ ಎಂದರು. ಗಾಳಿಯಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ವೈರಿನ ವಿಷಯ ಸೊಸೆಗೆ ಹೇಳುತ್ತೇನೆ ಎಂದು ಒಪ್ಪಿಕೊಂಡವರು ನೀವೇ ಅಲ್ಲವೇ ಎಂದು ಒಂದು ಮಾತು ಆಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆಡಲಿಲ್ಲ. ತನ್ನ ಪಾಲು ಹೊರಲು ಬಂದವಳು ಪಾಲು ಹಂಚಲು ಕೂರಬಾರದು ಅನಿಸಿತು. ಆದರೂ ಅಜ್ಜಿಯ ಬೈಗುಳ ನಡುವೆಯೇ ತುಂಡಾಯಿತು. ಸೊಸೆಯ ಕಡೆ ಒಮ್ಮೆ ನೋಡಿ, ಕೂತುಬಿಟ್ಟರು.

"ಇನ್ನೊಂದಿದೆ" ಎಂದಳು ಗಾಳಿಯಕ್ಕ. "ದೊಡ್ಡವಳು ಅವತ್ತು ನನಗೆ ಹೇಳಿದ್ಲು. ಚುಕ್ಕಿ ಒಳಗಿದಾಳೆ ಅಂತ."

ಆಗ ಟೈಲರಮ್ಮ ಮೊದಲ ಬಾರಿಗೆ ತಲೆಯೆತ್ತಿದಳು. ಗಾಳಿಯಕ್ಕನನ್ನು ನೋಡಲಿಲ್ಲ. ಆಚೆ ಗೋಡೆಯ ಹತ್ತಿರವಿದ್ದ ಮಗಳನ್ನು ನೋಡಿದಳು. ಹುಡುಗಿಯ ಮಡಿಲಿನ ಪುಸ್ತಕ ಮುಚ್ಚಿಕೊಂಡಿತ್ತು. ಒಂದು ವರ್ಷದಲ್ಲಿ ಅವಳು ಉದ್ದ ಬೆಳೆದಿದ್ದಳು, ಹಲ್ಲು ಬಿದ್ದು ಹೊಸದು ಬಂದಿತ್ತು. ಎದ್ದು ನಿಂತು, ಕ್ಲಾಸಿನಲ್ಲಿ ಕೇಳುವ ಹಾಗೆ ಕೇಳಿದಳು.

"ನಾನು ಮೆಲ್ಲಗೆ ಹೇಳಿದ್ನಾ ಆಂಟಿ?"

ಗಾಳಿಯಕ್ಕನಿಗೆ ಮೊದಲು ಅರ್ಥವಾಗಲಿಲ್ಲ. "ಏನಮ್ಮ?"

"ನಿಮಗೆ ಕೇಳಿಸ್ಲಿಲ್ವಲ್ಲ. ಮೆಲ್ಲಗೆ ಹೇಳ್ಬಿಟ್ನಾ ಅಂತ. ಕೂಗಿ ಹೇಳ್ಬೇಕಿತ್ತಾ?"

ಬೇಕಾದರೆ ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಗಲಾಟೆ ಇತ್ತು ಕಂದ, ಕೇಳಿಸಲಿಲ್ಲ ಎಂದುಬಿಟ್ಟಿದ್ದರೆ ಅಲ್ಲಿದ್ದ ದೊಡ್ಡವರು ಯಾರೂ ಅನುಮಾನಪಡುತ್ತಿರಲಿಲ್ಲ. ಗಾಳಿಯಕ್ಕನ ಪಾಲಿಗೂ ಅದು ಹಗುರವೇ. ಅವಳು ಮಂಡಿಯೂರಿ ಹುಡುಗಿಯ ಸಮಕ್ಕೆ ಕೂತಳು. ಮುಟ್ಟಲು ಧೈರ್ಯ ಬರಲಿಲ್ಲ.

"ಇಲ್ಲ ಮಗ. ಜೋರಾಗೇ ಹೇಳ್ದೆ. ಎರಡು ಸಲ ಹೇಳ್ದೆ. ನೀನು ಸರಿಯಾಗೇ ಹೇಳ್ದೆ. ನನಗೆ ಕೇಳಿಸ್ತು."

ಹುಡುಗಿ ಅವಳ ಮುಖವನ್ನೇ ನೋಡುತ್ತ ನಿಂತಳು. ಅಳು ಬಂದಾಗ ಅಜ್ಜಿಯ ಹತ್ತಿರ ಹೋಗಲಿಲ್ಲ, ಅಪ್ಪನ ಹತ್ತಿರವೂ ಹೋಗಲಿಲ್ಲ. ನಡುಮನೆಯ ಆ ಕಡೆಯಿಂದ ಈ ಕಡೆಗೆ ಬಂದು, ಗೋಡೆಗೆ ಒರಗಿದ್ದ ಅಮ್ಮನ ಪಕ್ಕದಲ್ಲಿ ಕೂತು, ಅವಳ ತೋಳಿನ ಕೆಳಗೆ ತಲೆ ತೂರಿಸಿದಳು. ಟೈಲರಮ್ಮನ ಕೈ ಒಂದು ಕ್ಷಣ ಅನುಮಾನಿಸಿತು. ಆಮೇಲೆ ಮಗಳ ತಲೆಯ ಮೇಲೆ ಬಂದು ಕೂತಿತು.

"ಒಂದು ವರ್ಷ ಅಕ್ಕ" ಎಂದಳು ಟೈಲರಮ್ಮ. ಬೈಗುಳವಾಗಿರಲಿಲ್ಲ ಅದು. ಬೈದಿದ್ದರೆ ಒಳ್ಳೆಯದಿತ್ತು. "ನಂದು ಬಿಡಿ. ಒಂದು ವರ್ಷ ಈ ಮಗು ಇದನ್ನ ಒಬ್ಬಳೇ ಹೊತ್ಕೊಂಡಿತ್ತು. ನಾನು ಇದೇ ಮನೇಲಿದ್ದೆ, ನನಗೆ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಿತ್ತು."

ಗಾಳಿಯಕ್ಕ ಎದ್ದು ಹೊಸ್ತಿಲ ಹತ್ತಿರ ಸರಿದಳು.

ಟೈಲರಮ್ಮ ಗೋಡೆ ಹಿಡಿದು ಎದ್ದಳು. ಮಗಳನ್ನು ಎಬ್ಬಿಸಿದಳು. ಅಣ್ಣನ ಕಾಲ ಹತ್ತಿರವಿದ್ದ ಬ್ಯಾಗಿನ ಜಿಪ್ಪು ಬಿಚ್ಚಿ, ತನ್ನ ಎರಡು ಸೀರೆ ತೆಗೆದು ಪಕ್ಕಕ್ಕಿಟ್ಟು ಜಾಗ ಮಾಡಿದಳು. "ಬಾ, ನಿನ್ನ ಬಟ್ಟೆ ತರೋಣ" ಎಂದು ಮಗಳ ಕೈ ಹಿಡಿದು ಒಳಗೆ ನಡೆದಳು. ಡ್ರೈವರು ಎದ್ದ, ಮತ್ತೆ ಕೂತ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಬೇಡ ಎಂದು ಯಾರೂ ಹೇಳಲಿಲ್ಲ.